ಹಿಮ ಬೀಳಲಿ

ಹಿಲ್ಲಾರ್ ನನ್ನೆದುರು ನಕ್ಷೆ ಬಿಚ್ಚಿದ.
ಚೌಕುಳಿ ಹಾಳೆ, ಚೂಪು ಪೆನ್ಸಿಲು,
ಗೇಟಿನಿಂದ ಮೆಟ್ಟಿಲವರೆಗೆ ಹಾವಿನಂತೊಂದು ಬಳುಕು,
ನಡುವೆ ದುಂಡನೆಯ ಕಟ್ಟೆ, ಕಟ್ಟೆಗೊಂದು ಬೆಂಚು.
ಪತ್ರಿಕೆಯ ಚಿತ್ರ ನೋಡಿ ಬರೆದದ್ದೆಂದು
ಕೇಳದೆಯೇ ಗೊತ್ತಾಯಿತು.

ಚೆನ್ನಾಗಿದೆ, ಅಂದೆ. ಹಕ್ಕಿಗೆ.
ಮೇಲಿಂದ ನೋಡುವವರಿಗೆ ಬಹಳ ಚೆನ್ನಾಗಿದೆ.
ಸೌದೆಯ ಹೊರೆ ಹೊತ್ತವರು
ಬಳುಕುವುದಿಲ್ಲ ಮಾರಾಯ,
ಹುಲ್ಲು ತುಳಿದು ನೆಟ್ಟಗೆ ಹೋಗುತ್ತಾರೆ.

ಇಪ್ಪತ್ತೆರಡು ವರ್ಷದಿಂದ ಈ ಸಾರೆಮಾ ದ್ವೀಪದಲ್ಲಿ
ಹಾದಿ ಹಾಸುತ್ತಿದ್ದೇನೆ.
ಬಲ ಮೊಣಕಾಲು ಸವೆದಿದೆ, ಎಡದ್ದು ಸರದಿಯಲ್ಲಿದೆ.
ಅದಕ್ಕೇ ಹೇಳುತ್ತೇನೆ, ಬರೆದುಕೋ:
ಬಾಗಿಲ ದಾರಿ ಇಬ್ಬರು ಜೋಡಿಯಾಗಿ ನಡೆವಷ್ಟು ಅಗಲ,
ಜಗಳವಾಡಿ ಬಂದಿದ್ದರೂ ಭುಜ ತಾಗದಷ್ಟು.
ಗೊಬ್ಬರದ ಗುಂಡಿಗೆ ಕೈಗಾಡಿಯ ಅಗಲ, ಮೇಲೊಂದು ಗೇಣು,
ಬೆರಳ ಗೆಣ್ಣು ತರಚದಿರಲಿ.
ಸೌನಾಕ್ಕೆ ಹೋಗುವುದು ಬರಿಗಾಲಿನ ದಾರಿ,
ಅಲ್ಲಿ ಜಲ್ಲಿ ಬೇಡ;
ಬೆತ್ತಲೆ ಮನುಷ್ಯ ಜಲ್ಲಿಯ ಮೇಲೆ ಕುಣಿಯುವುದನ್ನು
ನೆರೆಯವರು ನೋಡದಿರಲಿ.
ಜಲ್ಲಿ ಕಿಟಕಿಯ ಬಳಿ ಇರಲಿ, ಯಾರೋ ಬಂದರೆಂದು
ನಾಯಿಗಿಂತ ಮೊದಲು ಅದೇ ಹೇಳುತ್ತದೆ.
ಉತ್ತರದ ಗೋಡೆಯ ನೆರಳಿಗೆ ನುಣುಪು ಕಲ್ಲು ಹಾಕಿದರೆ
ಪಾಚಿ ಬರುತ್ತದೆ, ಆಮೇಲೆ ಡಾಕ್ಟರು ಬರುತ್ತಾರೆ.
ನೀರು ಮನೆಯಿಂದಾಚೆ ಹರಿಯಲು
ಒಂದು ಬೆರಳಿನ ಇಳಿಜಾರು. ಕಣ್ಣಿಗೆ ಕಾಣಬಾರದು,
ಮಳೆಗೆ ಕಾಣಬೇಕು.

ಮಿಕ್ಕಿದ್ದಕ್ಕೆ? ಅಂದ.
ಮಿಕ್ಕಿದ್ದಕ್ಕೆ ಹಿಮ ಬೀಳಲಿ.

ಮುಂಗಡ ಕೊಟ್ಟವನಿಗೆ ಕಾಯುವುದೆಂದರೆ ಸಿಟ್ಟು.
ಗೊಣಗಿದ. ಕಾದ.
ನವೆಂಬರಿನ ಕೊನೆಗೆ ಒಂದು ರಾತ್ರಿ ಇಡೀ
ಸದ್ದಿಲ್ಲದೆ ಸುರಿಯಿತು.
ಮೂರನೆಯ ದಿನ ಫೋನು: "ಬಾ, ಹಾಳೆ ತುಂಬಿದೆ."

ಅಂಗಳದ ತುಂಬ ಬರೆದಿತ್ತು.
ಸೌದೆಯ ಕೊಟ್ಟಿಗೆಗೆ ಅವನ ಬೂಟಿನ ದಪ್ಪಕ್ಷರ,
ಲೈಲಾಕ್ ಪೊದೆ ಸುತ್ತದೆ
ಅಂಚೆಯ ಹುಡುಗಿ ಮೂಲೆ ಕತ್ತರಿಸಿದ ಓರೆಗೆರೆ,
ನರಿಯೊಂದು, ಯಾರನ್ನೂ ಕೇಳದೆ,
ಕೋಳಿಗೂಡಿಗೆ ಎಳೆದ ದಾರದಂಥ ಸಾಲು.
ಪತ್ರಿಕೆಯ ಹಾವಿನ ಮೇಲೆ ಒಂದು ಹೆಜ್ಜೆಯೂ ಇಲ್ಲ.

ಮನೆ ಸುತ್ತಿ ಹಿಂದೆ ಹೋದೆವು.
ಅಲ್ಲಿ ಇನ್ನೊಂದು ದಾರಿ:
ಅಡುಗೆಮನೆಯ ಹಿಂಬಾಗಿಲಿಂದ ಹೊರಟು,
ಸೇಬಿನ ಮರ ಬಳಸಿ, ಜೂನಿಪರ್ ಪೊದೆಗಳ ಮರೆಯಲ್ಲಿ ಸರಿದು
ಕಲ್ಲುಬೇಲಿಯವರೆಗೆ.
ಚಿಕ್ಕ ಪಾದ, ಗಿಡ್ಡ ಹೆಜ್ಜೆ, ಎಡಗಾಲು ತುಸು ಎಳೆದದ್ದು,
ಹೋಗಿ ಬಂದು ಹೋಗಿ ಬಂದು ಒಂದರ ಮೇಲೊಂದು.
ಬೇಲಿಯ ಮೇಲೆ ಹಿಮ ಕರಗಿದ ಒಂದು ದುಂಡು,
ಬಿಸಿ ಪಾತ್ರೆ ಇಟ್ಟ ಗುರುತು.

ಬೇಲಿಯಾಚೆ ಎಂಡೆಲ್‌ನ ಮನೆ.
ಹಿಲ್ಲಾರನ ಅಣ್ಣ. ಒಂದು ದೋಣಿಯ ಪಾಲಿಗಾಗಿ
ಮಾತು ಬಿಟ್ಟು ಹದಿನಾಲ್ಕು ವರ್ಷ.
ದೋಣಿ ಎಂದೋ ಕೊಳೆತುಹೋಗಿದೆ.

ಅವನು ಆ ದುಂಡನ್ನು ನೋಡುತ್ತ ನಿಂತ.
ನಾನು ಕೈಗವಸು ಸರಿಮಾಡಿಕೊಂಡೆ,
ಸರಿಯಾಗಿಯೇ ಇದ್ದದ್ದನ್ನು.
ಕಿಟಕಿಯಲ್ಲಿ ಸಾಲ್ಮೆ ಪರದೆ ಇಳಿಬಿಟ್ಟಳು.
ಕೊನೆಗೆ ಅವನು ಕೇಳಿದ್ದಿಷ್ಟೆ:
"ಈ ಹೆಜ್ಜೆಗಳ ನಡುವೆ ಎಷ್ಟಿದೆ?"
ಅಳೆದೆ. ಹದಿನೇಳು ಅಂಗುಲ.
ನಾವು ಸಾಮಾನ್ಯವಾಗಿ ಇಪ್ಪತ್ತನಾಲ್ಕಕ್ಕೆ ಇಡುತ್ತೇವೆ, ಅಂದೆ.
"ಹದಿನೇಳಕ್ಕೇ ಇಡು."

ಏಪ್ರಿಲಿನಲ್ಲಿ ಮಣ್ಣು ಮೆತ್ತಗಾದ ಮೇಲೆ ಬಂದೆ.
ಗೂಟ, ದಾರ, ರಸಮಟ್ಟ, ಒಂದು ಲಾರಿ ಬೂದು ಡೋಲೊಮೈಟ್.
ಬಾಗಿಲ ದಾರಿ ನೆಟ್ಟಗೆ,
ಲೈಲಾಕ್ ಮೂಲೆ ಅಂಚೆಯ ಹುಡುಗಿ ಕತ್ತರಿಸಿದಂತೆಯೇ.
ನರಿಗೆ ಏನೂ ಹಾಸಲಿಲ್ಲ.
ಹಿಂದಿನದಕ್ಕೆ ಮೂವತ್ತೆರಡು ಕಲ್ಲು,
ಅವನೇ ಎಣಿಸಿ ತರಿಸಿದ್ದು.
ಹುಲ್ಲಿನ ಮಟ್ಟಕ್ಕೆ ಮರಳಲ್ಲಿ ಹೂತೆ,
ಅಲುಗುತ್ತದೆಯೇ ಎಂದು ಒಂದೊಂದರ ಮೇಲೂ ಕುಣಿದು ನೋಡಿದೆ.

ಬೇಲಿಯ ಬುಡಕ್ಕೆ ಬಂದಾಗ ಒಂದು ಕಲ್ಲು ಮಿಕ್ಕಿತು.
ಲೆಕ್ಕ ತಪ್ಪಿದೆ, ಅಂದೆ.
ತಪ್ಪಿಲ್ಲ, ಅಂದ ಬೆನ್ನು ಹಾಕಿಕೊಂಡೇ.
ಅದನ್ನೆತ್ತಿ ಬೇಲಿಯ ಮೇಲಿಟ್ಟ,
ಪಾತ್ರೆಯ ದುಂಡು ಇದ್ದಲ್ಲಿ.

ಕೂಲಿ ಪೂರ್ತಿ ಕೊಟ್ಟ, ಆ ಒಂದರದ್ದೂ ಸೇರಿಸಿ.
ಆಚೆ ಬದಿಗೆ ಹೋದ ವರ್ಷದ ಒಣಹುಲ್ಲು, ಮೊಣಕಾಲೆತ್ತರ.
ಅಲ್ಲಿ ನೆಲ ಹೇಗಿದೆಯೋ,
ನಾನು ನೋಡಿಲ್ಲ.